ಮಸ್ಕಿ ಬೂತಿನ ಧಾರಣಿ ಪಾಟಿ

ಸ್ಟಾಪ್‌ವಾಚು ನಮ್ಮ ಕಾಲೇಜಿನ ಪಿ.ಟಿ. ಮಾಸ್ತರರದು. ನೂರು ಮೀಟರ್ ಓಟಕ್ಕೆ ಇಟ್ಟುಕೊಂಡದ್ದು ಫೋನಿಗೆ ಯಾಕೆ ಬೇಕು ಎಂದು ಅವರು ಕೇಳಿದರು. ರಾಯಚೂರಿನಿಂದ ಸೂರ್ಯಕಾಂತಿ ಧಾರಣಿ ಎಷ್ಟು ಜೋರಾಗಿ ಓಡಿ ಬರುತ್ತದೆ ಅಂತ ಅಳೆಯಬೇಕು ಸರ್, ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಕೊಟ್ಟರು. ಚರ್ಚಾಸ್ಪರ್ಧೆಯ ಮೂರು ಕಪ್ಪು ತಂದುಕೊಟ್ಟವಳಿಗೆ ಇಲ್ಲ ಅನ್ನುವುದು ಅವರಿಗೆ ಕಷ್ಟವಾಗಿರಬೇಕು.

ತೊಂಬತ್ತರ ದಶಕದ ನಡುಭಾಗ ಅದು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರೂ ಊರಿನ ದಲಾಲರು ಕೂಡಿ ಮಾಡಿಕೊಂಡ ಒಂದು ಸಂಘವಿತ್ತು. ಅದರ ಸಿಂಧನೂರು ಕಚೇರಿಯಲ್ಲಿ ನಾನು ಆರು ತಿಂಗಳ ಮಟ್ಟಿಗೆ ಕೆಲಸಕ್ಕೆ ಸೇರಿದ್ದೆ. ರಾಯಚೂರಿನ ಮಾರ್ಕೆಟ್ಟಿನಲ್ಲಿ ಬೆಳಗ್ಗೆ ಲಿಲಾವು, ಎಂದರೆ ಹರಾಜು, ಮುಗಿದ ಕೂಡಲೇ ಅಂದಿನ ಸೂರ್ಯಕಾಂತಿ ಧಾರಣಿ ಈ ಮೂರೂ ಊರಿಗೆ ಮುಟ್ಟಬೇಕಿತ್ತು. ಮುಟ್ಟುವ ದಾರಿ ನಾಲ್ಕು. ಸಿಂಧನೂರು ಕಚೇರಿಯ ಫೋನಿನಿಂದ ಟ್ರಂಕ್ ಕಾಲ್ ಬುಕ್ ಮಾಡುವುದು. ಮಸ್ಕಿ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ನೇರ ಹಚ್ಚುವುದು. ಲಿಂಗಸುಗೂರಿನಲ್ಲಿ ಹೊಸದಾಗಿ ಬಂದಿದ್ದ ಫ್ಯಾಕ್ಸ್. ಕಡೆಯದು, ರಾಯಚೂರಿನಿಂದ ಬರುವ ಖಾಸಗಿ ಬಸ್ಸಿನ ಕಂಡಕ್ಟರನ ಜೇಬಿನಲ್ಲಿ ಒಂದು ಚೀಟಿ. ಇವುಗಳಲ್ಲಿ ಗೆದ್ದ ದಾರಿಯೊಂದರಿಂದಲೇ ಧಾರಣಿ ತರಿಸಿ, ಅಲ್ಲಿಂದ ಉಳಿದೆರಡು ಊರಿಗೆ ತಿಳಿಸುವುದು ಸಂಘದ ಯೋಜನೆ.

"ಯಾವುದು ಜಲ್ದಿ, ಯಾವುದು ಅಗ್ಗ, ಎರಡೂ ಅಳದು ಕೋಷ್ಟಕ ಮಾಡಿ ಕೊಡವಾ," ಎಂದರು ಅಧ್ಯಕ್ಷರು. "ನೀ ಭಾಷಣದಾಗ ಕಪ್ಪು ತಂದಾಕಿ. ನೀ ಬರದ್ರ ಯಾರೂ ಎದುರಾಡಂಗಿಲ್ಲ."

ನಾನು ಬಾಗಿಲು ದಾಟುವಾಗ ಇನ್ನೊಂದು ಮಾತು ಸೇರಿಸಿದರು. ಮಸ್ಕಿಯ ಬೂತು ಇರುವುದು ಸಂಘದ ಖೋಲಿಯಲ್ಲಿ. ಬೂತು ಸೋತರೆ ಆ ಖೋಲಿ ಖಾಲಿ ಮಾಡಿಸಬೇಕು, ಚೀಲ ಇಡಲು ಜಾಗ ಸಾಲುತ್ತಿಲ್ಲ.

ಚರ್ಚೆಯಲ್ಲಿ ನಾನು ಕಲಿತ ಮೊದಲ ಪಾಠ ಇಷ್ಟೇ: ವಿಷಯ ಕೊಟ್ಟವರು ಎಷ್ಟೋ ಸಲ ತೀರ್ಪನ್ನು ವಿಷಯದೊಳಗೇ ಮಡಚಿಟ್ಟಿರುತ್ತಾರೆ. ಫ್ಯಾಕ್ಸ್ ಅಂಗಡಿ ಅಧ್ಯಕ್ಷರ ಅಳಿಯನದು. ಇದು ನನಗೆ ಮೊದಲೇ ಗೊತ್ತಿತ್ತು. ಆದರೆ ಅಳಿಯನ ಮಷಿನ್ ಎಂಬ ಒಂದೇ ಕಾರಣಕ್ಕೆ ಅದು ನಿಧಾನ ಎನ್ನಲಾಗುವುದಿಲ್ಲ. ಅಳೆಯದೆ ಆಡುವ ಮಾತು ನನ್ನದಾದರೂ ಪೊಳ್ಳೇ.

ಬೂತು ನಡೆಸುತ್ತಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಸಣ್ಣವಳಿದ್ದಾಗಲೇ ಪೋಲಿಯೋ ಬಂದು ಬಲಗಾಲು ಸಣಕಲಾಗಿತ್ತು. ಅಂಗವಿಕಲರ ಕೋಟಾದಲ್ಲಿ ಬೂತು ಸಿಕ್ಕಿತ್ತು. ಒಂದು ಮೇಜು, ಕೆಂಪು ಅಂಕಿ ಓಡುವ ಮೀಟರು, ಗಾಜಿನ ಬಾಗಿಲಿನ ಒಂದು ಕ್ಯಾಬಿನ್, ಗೋಡೆಗೆ ಒರಗಿಸಿಟ್ಟ ಊರುಗೋಲು. ಹೊರಗೆ ಬಾಗಿಲ ಪಕ್ಕದ ಮೊಳೆಗೆ ಒಂದು ಪಾಟಿ ನೇತು ಹಾಕಿದ್ದಳು. ಶಾಲೆಯ ಮಕ್ಕಳ ಪಾಟಿಯೇ, ಸ್ವಲ್ಪ ದೊಡ್ಡದು. ಅದರ ಮೇಲೆ ಸೀಮೆಸುಣ್ಣದಲ್ಲಿ ಅಂದಿನ ರಾಯಚೂರು ಧಾರಣಿ.

ಅದು ಸಮಾಜಸೇವೆಯೇನೂ ಆಗಿರಲಿಲ್ಲ. ದಲಾಲರು ಫೋನ್ ಮಾಡಿ ಹೋದ ಮೇಲೆ ರೈತರು ಒಬ್ಬೊಬ್ಬರೇ ಬಂದು "ಇವತ್ತ ಎಷ್ಟು ಆತಬೇ" ಎಂದು ಕೇಳುತ್ತಿದ್ದರು. ಉತ್ತರ ಕೊಡುವಷ್ಟರಲ್ಲಿ ಅವಳಿಗೆ ಮೀಟರ್ ಬಿಲ್ಲು ತಪ್ಪುತ್ತಿತ್ತು. ಬೇಸತ್ತು ಪಾಟಿ ತೂಗು ಹಾಕಿದಳು. ಆದರೆ ಮಸ್ಕಿ ಇರುವುದು ಸಿಂಧನೂರು–ಲಿಂಗಸುಗೂರು ದಾರಿಯ ನಡುವೆ. ಎರಡೂ ಕಡೆಯ ಬಸ್ಸು ಅಲ್ಲಿ ನಿಲ್ಲುತ್ತವೆ, ಕಿಟಕಿಯಲ್ಲಿ ಕೂತವರು ಓದುತ್ತಾರೆ. ಹೀಗಾಗಿ ಬೇಸತ್ತು ಹಾಕಿದ ಪಾಟಿ ಎರಡು ತಾಲ್ಲೂಕಿಗೆ ಧಾರಣಿ ಹೇಳತೊಡಗಿತ್ತು.

ಕೆಲಸ ಶುರುವಾಯಿತು. ರಾಯಚೂರಿನ ನಮ್ಮ ಏಜೆಂಟರ ಕೈಗಡಿಯಾರ, ಕಚೇರಿಯ ಗೋಡೆ ಗಡಿಯಾರ, ನನ್ನದು, ಎಲ್ಲವನ್ನೂ ರೇಡಿಯೋ ವಾರ್ತೆಗೆ ಮುಂಚೆ ಬರುವ ಪೀಪಿ ಸದ್ದಿಗೆ ಹೊಂದಿಸಿದೆವು. ಲಿಲಾವು ಮುಗಿದ ನಿಮಿಷವನ್ನು ಏಜೆಂಟರು ಬರೆದಿಡಬೇಕು. ಧಾರಣಿ ಇಲ್ಲಿ ಕೈಗೆ ಬಂದ ನಿಮಿಷವನ್ನು ನಾನು ಬರೆಯಬೇಕು. ನಾನು ಮೂರು ಊರಲ್ಲೂ ಒಮ್ಮೆಗೇ ಇರಲಾಗದು. ಅದಕ್ಕೆ ಯಂತ್ರಗಳ ಸಾಕ್ಷಿ ಹಿಡಿದೆ. ಬೂತಿನ ಬಿಲ್ಲಿನ ಮೇಲೆ ಹೊತ್ತು ಅಚ್ಚಾಗಿರುತ್ತದೆ. ಫ್ಯಾಕ್ಸ್ ಹಾಳೆಯ ನೆತ್ತಿಯ ಮೇಲೂ ಕಳಿಸಿದ ಮಷಿನ್ನಿನ ನಂಬರು, ಗಂಟೆ, ನಿಮಿಷ ಒಂದು ಸಾಲಾಗಿ ಬಂದಿರುತ್ತದೆ. ಟ್ರಂಕ್ ಕಾಲಿಗೆ ಕಚೇರಿಯ ಗುಮಾಸ್ತರಿದ್ದರು. ಬಸ್ಸಿನ ಚೀಟಿಗೆ ಬಸ್‌ಸ್ಟ್ಯಾಂಡಿನಲ್ಲಿ ನಾನೇ ನಿಲ್ಲುತ್ತಿದ್ದೆ. ಖರ್ಚನ್ನು ಪ್ರತಿ ಸಲದ ಬಿಲ್ಲು ನೋಡಿ ಹಾಕಿದೆ.

ಮೊದಲ ವಾರ ಬೂತಿನಿಂದ ಫೋನು ನಾನೇ ಮಾಡಿದೆ. ಆ ಕಡೆ ಎತ್ತಿದ ಕೂಡಲೇ "ಸಿಂಧನೂರು ಸಂಘ, ಧಾರಣಿ ಹೇಳ್ರಿ" ಅನ್ನುವುದು, ಅಂಕಿ ಬರೆದುಕೊಳ್ಳುವುದು, ಇಡುವುದು. ಮೀಟರು ಎರಡನೇ ಸಲ ಜಿಗಿಯುವ ಮೊದಲೇ ಮುಗಿಯುತ್ತಿತ್ತು. ಟ್ರಂಕ್ ಕಾಲು ಕೂಡುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು, ಚೀಟಿ ಅದಕ್ಕೂ ಹಿಂದೆ. ಫ್ಯಾಕ್ಸ್ ಬೇಗ ಬರುತ್ತಿತ್ತು, ಆದರೆ ಹಾಳೆಯೊಂದಕ್ಕೆ ಅಂಗಡಿಯವನ ದರ ಬೂತಿನ ಖರ್ಚಿನ ಎರಡರಷ್ಟು. ಬೂತು ಗೆದ್ದಿತ್ತು. ಕೋಷ್ಟಕ ಹಿಡಿದುಕೊಂಡು ಅಧ್ಯಕ್ಷರ ಮುಂದೆ ನಿಂತಾಗ ನನ್ನ ಮುಖದಲ್ಲಿ ಕಪ್ಪು ಎತ್ತಿಕೊಂಡ ಕಳೆ ಇದ್ದಿರಬೇಕು.

ಅವರು ಹಾಳೆಯನ್ನು ನೋಡಲೇ ಇಲ್ಲ.

"ರಾಯಚೂರು ಏಜೆಂಟ ನನಗ ಎರಡ ಸಲ ಫೋನ್ ಮಾಡಿದ. ಸಂಘದವರು ನನ್ನ ಮ್ಯಾಲ ಯಾಕ ಸಿಟ್ಟಾಗ್ಯಾರ, ನಾ ಏನ್ ತಪ್ಪ ಮಾಡೀನಿ ಅಂತ. ಅವನ್ನ ಸಮಾಧಾನ ಮಾಡೂದ್ರಾಗ ಅರ್ಧ ತಾಸು ಹೋತು. ನೀ ಮಾಡಿದ್ದು ಫೋನ್ ಅಲ್ಲವಾ, ಬಂದೂಕು ಹಾರಿಸಿದಂಗ."

ನಮ್ಮ ಕಡೆ ಫೋನೆತ್ತಿ ಮೊದಲೇ ಧಾರಣಿ ಕೇಳುವುದು ಮನೆಗೆ ಬಂದವರಿಗೆ ನೀರು ಕೊಡದೆ ಯಾಕೆ ಬಂದಿರಿ ಎಂದು ಕೇಳಿದಂತೆ. ಮೊದಲು ಶರಣು. ಊಟವಾಯಿತೋ ಇಲ್ಲವೋ. ಮಳೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ಬೀಗರು ಬಂದಿದ್ದರಂತಲ್ಲ. ಅದೆಲ್ಲ ಮುಗಿದ ಮೇಲೆ, ನೆನಪಾದವರಂತೆ, ಧಾರಣಿ. ನನಗಿದು ಗೊತ್ತಿರಲಿಲ್ಲವೆಂದಲ್ಲ. ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಂಡಿದ್ದೆ. ಬಳಸುವವರನ್ನು ಬಿಟ್ಟು ತಂತಿಯನ್ನಷ್ಟೇ ಅಳೆದಿದ್ದೆ. ಹಾಳೆ ಹರಿದು ಎರಡನೇ ವಾರ ಶುರು ಮಾಡಿದೆ.

ಈ ಸಲ ದಲಾಲರೇ ಮಾತಾಡಿದರು, ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಸ್ಟಾಪ್‌ವಾಚಿನ ಗುಂಡಿ ಒತ್ತಿದೆ. ಶರಣಿನಿಂದ ಧಾರಣಿಯವರೆಗೆ ಒಂದು ಲೆಕ್ಕ, ಧಾರಣಿಯಿಂದ "ಇಡ್ಲೇನ್ರಿ" ಅನ್ನುವವರೆಗೆ ಇನ್ನೊಂದು. ಧಾರಣಿ ಹಿಡಿದ ಹೊತ್ತು ಹತ್ತು ಸೆಕೆಂಡು. ಉಳಿದದ್ದೆಲ್ಲ ಯೋಗಕ್ಷೇಮ. ಕೆಂಪು ಅಂಕಿ ಜಿಗಿಯುತ್ತಲೇ ಇತ್ತು. ಫ್ಯಾಕ್ಸಿಗೆ ಊಟವಾಯಿತೇ ಎಂದು ಯಾರೂ ಕೇಳುವುದಿಲ್ಲ. ವಾರದ ಕೊನೆಗೆ ಖರ್ಚಿನಲ್ಲಿ ಫ್ಯಾಕ್ಸ್ ಗೆದ್ದಿತ್ತು, ಹೊತ್ತಿನಲ್ಲಿ ಎರಡೂ ಸಮ.

ನಾನು ಅದನ್ನು ಹಾಗೆಯೇ ಬರೆದೆ. ಅಕ್ಕ ಮೇಜಿನ ಆಚೆಯಿಂದ ನನ್ನ ಪೆನ್ನನ್ನೇ ನೋಡುತ್ತಿದ್ದಳು.

"ಸೋತ್ನೇನು?" ಎಂದಳು.

ಈ ವಾರ ಸೋತಿರಿ ಅಕ್ಕಾ, ಎಂದೆ. ಸುಳ್ಳು ಬರೆಯಲು ಬರುವುದಿಲ್ಲ ಎಂದೂ ಹೇಳಿದೆ. ಅವಳು ತಲೆಯಾಡಿಸಿ ಊರುಗೋಲು ತೆಗೆದುಕೊಂಡು ಹೊರಗೆ ಹೋಗಿ ಪಾಟಿ ಒರೆಸಿದಳು. ಆ ಖೋಲಿ ಹೋದರೆ ಬಸ್‌ಸ್ಟ್ಯಾಂಡಿನಲ್ಲಿ ಬೇರೆ ಖೋಲಿ ಸಿಗುವುದಿಲ್ಲ, ಊರೊಳಗೆ ಹೋದರೆ ಗಿರಾಕಿ ಬರುವುದಿಲ್ಲ. ಇದನ್ನು ಅವಳು ನನಗೆ ಒಂದು ಸಲವೂ ಹೇಳಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ ಇರಬೇಕು.

ಎರಡು ವಾರದ ಫಲಿತಾಂಶ ಒಂದಕ್ಕೊಂದು ತಿರುಗಿ ಬಿದ್ದಿದ್ದರಿಂದ ಮೂರನೆಯ ವಾರವೂ ಅಳೆಯುತ್ತೇನೆ ಎಂದೆ. ಅಧ್ಯಕ್ಷರು ನಗುತ್ತಲೇ ಒಪ್ಪಿದರು. ಆ ವಾರ ಲಿಂಗಸುಗೂರಿನಲ್ಲಿ ಮೂರು ದಿನ ಬೆಳಗ್ಗೆ ಕರೆಂಟಿರಲಿಲ್ಲ. ಕರೆಂಟಿಲ್ಲದಿದ್ದರೆ ಫ್ಯಾಕ್ಸ್ ಮಷಿನ್ನು ಬರೀ ಡಬ್ಬ. ಆದರೂ ಮೂರೂ ದಿನ ಹಾಳೆ ಹೊತ್ತಿಗೆ ಸರಿಯಾಗಿ ಬಂದಿತ್ತು. ಶನಿವಾರ ಅಂಗಡಿಗೆ ಹೋಗಿ ಆ ಹಾಳೆಗಳನ್ನು ಬೆಳಕಿಗೆ ಹಿಡಿದೆ. ನೆತ್ತಿಯ ಮೇಲಿನ ಸಾಲು ಇಲ್ಲ. ನಂಬರಿಲ್ಲ, ಗಂಟೆಯಿಲ್ಲ. ಅಂಕಿಗಳನ್ನು ಬೆರಳಿನಿಂದ ಸವರಿದರೆ ಹಿಂಬದಿ ಉಬ್ಬು ತಾಗುತ್ತಿತ್ತು. ಬಾಲ್‌ಪೆನ್ನು.

ಅಳಿಯ ಮುಖ ಆಚೆ ತಿರುಗಿಸಿ ಮಷಿನ್ ಒರೆಸುತ್ತಿದ್ದ. ಅಂಕಿ ಮಾತ್ರ ಮೂರೂ ದಿನ ಸರಿಯಾಗಿತ್ತು. ಹಾಗಾದರೆ ಎಲ್ಲಿಂದ ಬಂತು? ಮಸ್ಕಿಗೆ ಬಂದು ಅಕ್ಕನನ್ನು ಕೇಳಿದೆ. ಅವಳು ಮೊದಲ ಸಲ ಮನಸಾರೆ ನಕ್ಕಳು.

"ಕರೆಂಟ್ ಹೋದ್ರ ನನಗ ಫೋನ್ ಮಾಡ್ತಾನಲ್ಲಬೇ ಅವ. ಅಕ್ಕಾ, ಪಾಟಿ ಮ್ಯಾಲ ಏನ್ ಬರದೀ ನೋಡಿ ಹೇಳು ಅಂತಾನ. ಪಾಪ, ಹೇಳ್ತೀನಿ."

ಹಾಗೆ, ಗೆಲ್ಲುತ್ತಿದ್ದ ದಾರಿಯೇ ಸೋಲುತ್ತಿದ್ದ ದಾರಿಯಿಂದ ಧಾರಣಿ ತರಿಸಿಕೊಳ್ಳುತ್ತಿತ್ತು.

ಇದನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟೆ. ಅವರು ಅಳಿಯನ ಪರ ಮಾತಾಡಲಿಲ್ಲ. ಕನ್ನಡಕ ತೆಗೆದಿಟ್ಟು, ನಿಜವಾದ ಮಾತಿಗೆ ಬಂದರು. ಅವರಿಗೆ ಬೇಕಾಗಿದ್ದದ್ದು ಫ್ಯಾಕ್ಸ್ ಅಲ್ಲ, ಆ ಪಾಟಿ ಅಲ್ಲಿಂದ ಹೋಗುವುದು. ಅಕ್ಕ ಕ್ಯಾಬಿನ್ನಿಗೆ ಕಿವಿಗೊಟ್ಟು ಕೇಳಿ ಸಂಘದ ಗುಟ್ಟು ಬೀದಿಗಿಡುತ್ತಾಳೆ ಎಂಬುದು ಅವರ ತಕರಾರು.

"ರೈತ ಪಾಟಿ ಓದಿ ಬರ್ತಾನ, ರಾಯಚೂರು ಧಾರಣಿ ಇಲ್ಲೇ ಕೊಡು ಅಂತಾನ. ಲಾರಿ ಬಾಡಿಗಿ ಯಾರು ಕೊಡ್ತಾರ? ಹಮಾಲಿ ಯಾರು ಕೊಡ್ತಾರ? ಕಳ್ಳರು ನಾವು ಅನಿಸ್ಕೋಬೇಕು. ನೀ ಒಂದ ಕೆಲಸ ಮಾಡು. ಕೋಷ್ಟಕಕ್ಕ ಇನ್ನೊಂದ ಕಾಲಂ ಹಾಕು, ಗುಟ್ಟು ಅಂತ. ಬೂತಿಗೆ ಸೊನ್ನಿ ಹಾಕಿ ದಸ್ಕತ್ ಮಾಡು. ಮುಗೀತು."

ಬಾಡಿಗೆಯ ಮಾತಿನಲ್ಲಿ ಹುರುಳಿತ್ತು, ಅದನ್ನು ನಾನು ಒಪ್ಪುತ್ತೇನೆ. ಆದರೆ ಅರ್ಧ ಸತ್ಯ ಬರೆದ ಪಾಟಿಗೆ ಮದ್ದು ಉಳಿದರ್ಧ ಬರೆಯುವುದೇ ಹೊರತು ಪಾಟಿ ಕೀಳುವುದಲ್ಲ. ಹಾಗಂತ ಹೇಳಿದೆ. ಹುಡುಗಿ ವಾದ ಬೆಳೆಸುತ್ತಾಳೆ ಎಂದು ಅವರು ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು ಗಡಿಯಾರದ ಕಡೆ ನೋಡಿದರು. ಆರು ತಿಂಗಳ ಕೆಲಸ ಮುಂದುವರಿಯುವುದು ಅಧ್ಯಕ್ಷರ ಒಂದು ಮಾತಿನ ಮೇಲೆ ನಿಂತಿತ್ತು. ಮನೆಯಲ್ಲಿ ಅದನ್ನು ನಂಬಿಕೊಂಡಿದ್ದರು. ಇಷ್ಟೂ ಗೊತ್ತಿದ್ದೇ ಹೇಳಿದೆ:

"ಕಾಲಂ ಹಾಕ್ತೀನ್ರಿ. ಆದ್ರ ಅಳೀದ ಸೊನ್ನಿ ಹಾಕಂಗಿಲ್ಲ. ಬೂತಿಗೆ ಅಷ್ಟ ಅಲ್ಲ, ನಾಕಕ್ಕೂ ಅಳೀತೀನಿ."

ನಾಲ್ಕನೇ ವಾರ ಸ್ಟಾಪ್‌ವಾಚಿನ ಜೊತೆಗೆ ಒಂದು ನೋಟುಬುಕ್ಕು ಮಾತ್ರ ಇಟ್ಟುಕೊಂಡೆ. ಪರೀಕ್ಷೆ ಸರಳವಾಗಿತ್ತು. ಧಾರಣಿ ಬರುವ ಹೊತ್ತಿಗೆ, ಸಂಬಂಧವಿಲ್ಲದ ಗಿರಾಕಿ ನಿಲ್ಲಬಹುದಾದ ಜಾಗದಲ್ಲಿ ನಿಲ್ಲಬೇಕು. ಕಿವಿಗೆ ಬಿದ್ದದ್ದು, ಕಣ್ಣಿಗೆ ಬಿದ್ದದ್ದು ಬರೆಯಬೇಕು. ಯಾರನ್ನೂ ಕೇಳಬಾರದು.

ಫ್ಯಾಕ್ಸ್ ಹಾಳೆ ಅಂಗಡಿಯ ಕಟ್ಟೆಯ ಮೇಲೆ ಸುರುಳಿ ಸುತ್ತಿಕೊಂಡು ಬೀಳುತ್ತಿತ್ತು. ಜೆರಾಕ್ಸಿಗೆ ಬಂದವರೆಲ್ಲ ಅದನ್ನು ಬಿಡಿಸಿ ಓದಿ ಮತ್ತೆ ಸುತ್ತಿಡುತ್ತಿದ್ದರು. ಕಂಡಕ್ಟರನ ಚೀಟಿಯನ್ನು ಇಡೀ ಬಸ್ಸು ಓದಿರುತ್ತಿತ್ತು. ಟ್ರಂಕ್ ಕಾಲು ಬಂದಾಗ ನಮ್ಮ ಕಚೇರಿಯಲ್ಲಿ ಮಾತಾಡಿದವರ ದನಿ ಅಂಗಳದಲ್ಲಿ ಚೀಲ ಹೊರುತ್ತಿದ್ದ ಹಮಾಲರಿಗೆ ಕೇಳುತ್ತಿತ್ತು. ಅವರು ಅಂಕಿಯನ್ನು ಹಾಡಿನ ಪಲ್ಲವಿಯಂತೆ ತಿರುಗಿ ಹೇಳಿಕೊಳ್ಳುತ್ತಿದ್ದರು.

ಬೂತಿಗೆ ಎದುರು, ರಸ್ತೆಯ ಆಚೆ, ಒಂದು ಚಹಾ ಹೋಟೆಲು. ಅಲ್ಲಿ ಕೂತೆ. ದಲಾಲರು ಒಬ್ಬೊಬ್ಬರಾಗಿ ಬಂದರು. ಕ್ಯಾಬಿನ್ನಿನೊಳಗೆ ಗಾಳಿ ಇಲ್ಲ, ಮಸ್ಕಿಯ ಬಿಸಿಲು ಬೇರೆ. ಎಲ್ಲರೂ ಗಾಜಿನ ಬಾಗಿಲಿಗೆ ಕಾಲು ಕೊಟ್ಟು ತೆರೆದಿಟ್ಟುಕೊಂಡೇ ಮಾತಾಡುತ್ತಿದ್ದರು. ಮಾತೂ ಎಂಥದ್ದು, ರಾಯಚೂರು ದೂರ ಎಂದು ಅಷ್ಟು ದೂರಕ್ಕೆ ಮುಟ್ಟುವಂತೆ ಕೂಗುವುದು. ಅಂಕಿಯನ್ನು ತಪ್ಪಾಗಬಾರದೆಂದು ಎರಡೆರಡು ಸಲ ತಿರುಗಿ ಕೂಗುವುದು. ಲಾರಿ ಹೋದಾಗ ಬಿಟ್ಟರೆ ನನಗೆ ಒಂದು ಮಾತೂ ತಪ್ಪಲಿಲ್ಲ. ಅಕ್ಕ ಕಿವಿಗೊಡಬೇಕಿರಲಿಲ್ಲ, ಕಿವಿ ಮುಚ್ಚಿಕೊಳ್ಳಬೇಕಿತ್ತು.

ನನ್ನ ಪಕ್ಕ ಸಾಲಗುಂದದ ಒಬ್ಬ ರೈತ ಕೂತಿದ್ದ. ಹಟ್ಟಿಯಲ್ಲಿ ಮಗಳ ಮನೆಗೆ ಹೋಗಿ ವಾಪಸಾಗುತ್ತಿದ್ದವ, ಪಾಟಿಗಾಗಿಯೇ ಮಸ್ಕಿಯಲ್ಲಿ ಇಳಿದಿದ್ದ. ಓದಲು ಬರುತ್ತದೇನು ಎಂದು ಕೇಳಿದೆ.

"ಅಕ್ಷರ ಬರಂಗಿಲ್ಲವಾ. ಅಂಕಿ ಬರ್ತಾವ. ಮೊದಲ ಕೇಳಾಕ ಬಾಯಿ ಇರ್ತಿರಲಿಲ್ಲ, ಈಗ ಕಣ್ಣಷ್ಟ ಸಾಕು." ಚಹಾ ಊದಿ, ಬೂತಿನ ಕಡೆ ತಲೆ ಆಡಿಸಿದ. "ಇವತ್ತ ಪಾಟಿನೂ ಬ್ಯಾಡ. ಸಾವುಕಾರ ಇಲ್ಲಿಗೇ ಹೇಳಾಕತ್ಯಾನ."

ಸಾವುಕಾರ ಯಾರು ಎಂದು ತಿರುಗಿ ನೋಡಿದರೆ, ನಮ್ಮ ಅಧ್ಯಕ್ಷರು. ಲಿಂಗಸುಗೂರಿನ ಮಗಳ ಮನೆಯಿಂದ ಬರುತ್ತಿದ್ದವರು ಬಸ್ಸಿಳಿದು ಬೂತಿಗೆ ಹೊಕ್ಕಿದ್ದರು. ನನ್ನನ್ನು ನೋಡಿರಲಿಲ್ಲ. ಗುಂಡಿ ಒತ್ತಿ, ಬರೆದುಕೊಂಡೆ.

ಅಮಾವಾಸ್ಯೆಯಂದು ಮಾರ್ಕೆಟ್ಟಿಗೆ ರಜೆ. ಅವತ್ತು ಸಿಂಧನೂರಿನಲ್ಲಿ ಸಭೆ. ಅಕ್ಕನನ್ನು ಕರೆದಿರಲಿಲ್ಲ. ಆರೋಪ ಹೊತ್ತವಳೇ ಇಲ್ಲದೆ ಎಂಥ ವಿಚಾರಣೆ ಎಂದೆ. ಸದಸ್ಯಳಲ್ಲ ಎಂದರು. ಕೋಷ್ಟಕ ಓದಿದೆ. ಹೊತ್ತು: ಬೂತು, ಫ್ಯಾಕ್ಸ್ ಸಮ. ಖರ್ಚು: ಕರೆಂಟಿದ್ದ ದಿನ ಫ್ಯಾಕ್ಸ್. ಕರೆಂಟಿಲ್ಲದ ದಿನ ಫ್ಯಾಕ್ಸೂ ಬೂತೇ. ಗುಟ್ಟು: ನಾಲ್ಕಕ್ಕೂ ಸೊನ್ನೆ.

ಗದ್ದಲವಾಯಿತು. ನಮ್ಮ ಗುಟ್ಟು ಬಿಟ್ಟುಕೊಡುವವಳು ಅವಳೊಬ್ಬಳೇ ಎಂದು ಲಿಂಗಸುಗೂರಿನ ಹಿರಿಯ ದಲಾಲರೊಬ್ಬರು ಎದ್ದು ನಿಂತರು. ನಾನು ನೋಟುಬುಕ್ಕು ತೆರೆದೆ.

"ರಸ್ತೆಯ ಆಚೆ ಕೂತು ಕೇಳಿದ್ದು, ಮಂಗಳವಾರ," ಎಂದು ಓದಿದೆ. "ಮಾತಾಡಿದವರು ಈಗ ನಿಂತವರೇ. ಶರಣು. ಮೊಣಕಾಲು ನೋವು, ಎಣ್ಣೆ ಹಚ್ಚಿದರೂ ಇಳಿದಿಲ್ಲ. ಸೊಸೆ ತವರಿಗೆ ಹೋಗಿ ಹದಿನೈದು ದಿನ, ಇನ್ನೂ ಬಂದಿಲ್ಲ. ಆಮೇಲೆ ಧಾರಣಿ, ಎರಡು ಸಲ."

ಹಿರಿಯರು ಮೊಣಕಾಲು ಹಿಡಿದುಕೊಂಡು ಕೂತರು. ಹಿಂದೆ ಯಾರೋ ನಕ್ಕರು. ಇನ್ನೂ ಇಬ್ಬರದು ಓದಿದೆ. ನಗು ದೊಡ್ಡದಾಯಿತು. ತಮ್ಮದು ಬರುತ್ತದೇನೋ ಎಂದು ಕೆಲವರು ಟೊಪ್ಪಿಗೆ ಸರಿಮಾಡಿಕೊಂಡರು.

"ಗುರುವಾರ," ಎಂದೆ. "ಮಾತಾಡಿದವರು ಅಧ್ಯಕ್ಷರು. ಶರಣು. ಊಟ ಆಗಿಲ್ಲ. ಮಸ್ಕಿಯಲ್ಲಿ ಯಾಕೆ ಇಳಿದೆನೆಂದರೆ—"

ಅಲ್ಲಿ ನಿಲ್ಲಿಸಿದೆ. ಮುಂದಿನ ಸಾಲು ನನ್ನ ಎದುರಿತ್ತು: ಅಳಿಯನ ಮಷಿನ್ ನಂಬಾಕ ಬರಂಗಿಲ್ಲೋ ಮಾರಾಯ, ಅದಕ್ಕ ಇಲ್ಲಿ ಇಳದೀನಿ. ಅಳಿಯ ಎರಡನೇ ಸಾಲಿನಲ್ಲಿ ಕೂತಿದ್ದ. ಮಾವ ಏನೆಂದರೆಂದು ತಿಳಿಯಲು ಕುತ್ತಿಗೆ ಮುಂದೆ ಚಾಚಿದ್ದ.

"ಮುಂದಿಂದು ಓದಲೇನ್ರಿ?"

ಅಧ್ಯಕ್ಷರು ಅಳಿಯನ ಕಡೆ ಒಮ್ಮೆ ನೋಡಿ, ಕೈ ಚಾಚಿ ನನ್ನ ನೋಟುಬುಕ್ಕು ಮುಚ್ಚಿದರು.

"ಬ್ಯಾಡ," ಎಂದರು. "ಖೋಲಿ ಆಕೀಗೇ ಇರಲಿ. ಫೈಸಲಾ ಬರಕೋ."

ಆದರೆ ಪೂರ್ತಿ ಸೋಲಲು ಅವರೂ ತಯಾರಿರಲಿಲ್ಲ. ಒಂದು ಷರತ್ತು ಬರೆಸಿದರು: ಇನ್ನು ಮೇಲೆ ಸದಸ್ಯರು ಬೂತಿನಲ್ಲಿ ಬಾಗಿಲು ಮುಚ್ಚಿ, ಬಾಯಿಗೆ ಟವೆಲ್ ಅಡ್ಡ ಹಿಡಿದು, ಮೆಲ್ಲಗೆ ಮಾತಾಡಬೇಕು. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸಿ ರೂಢಿಯಿದ್ದವರಿಗೆ ಅದು ಸರಿ ಎನ್ನಿಸಿತು. ನಾನು ಕೋಷ್ಟಕದ ಒಂದು ಅಂಕಿಯನ್ನೂ ತಿದ್ದದೆ ಸಹಿ ಮಾಡಿದೆ. ಆರು ತಿಂಗಳ ಮೇಲೆ ನನ್ನನ್ನು ಮುಂದುವರಿಸಲಿಲ್ಲ. ಅದು ಆ ಸಹಿ ಮಾಡುವಾಗಲೇ ಗೊತ್ತಿತ್ತು.

ಮರುದಿನ ಷರತ್ತಿನ ಮೊದಲ ಪಾಲನೆ ತಾವೇ ಮಾಡಿ ತೋರಿಸಬೇಕೆಂದು ಅಧ್ಯಕ್ಷರು ಮಸ್ಕಿಗೆ ಬಂದರು. ಜೊತೆಗೆ ನಾಲ್ಕೈದು ದಲಾಲರು. ಪಾಟಿ ಖಾಲಿ ಇತ್ತು. ಅಕ್ಕ ಸೀಮೆಸುಣ್ಣವನ್ನು ಮೇಜಿನ ಮೇಲೆ ಕಾಣುವಂತೆ ಇಟ್ಟು, ಕೈ ಕಟ್ಟಿ ಕೂತಿದ್ದಳು.

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಟವೆಲ್ ಬಾಯಿಗೆ ಸುತ್ತಿದರು. ನಾನು ಗುಂಡಿ ಒತ್ತಿದೆ. ಗಾಜಿನಾಚೆ ತುಟಿ ಅಲ್ಲ, ಟವೆಲ್ಲಷ್ಟೇ ಅಲ್ಲಾಡುತ್ತಿತ್ತು. ಮೀಟರು ಜಿಗಿಯಿತು. ಮತ್ತೆ ಜಿಗಿಯಿತು. ಹಣೆಯ ಮೇಲೆ ಬೆವರು ಮೂಡಿ ಕಿವಿಯ ಹಿಂದೆ ಇಳಿಯಿತು. ಆ ಕಡೆಯವರಿಗೆ ಕೇಳುತ್ತಿಲ್ಲವೆಂದು ಅವರ ಹುಬ್ಬು ನೋಡಿದರೇ ತಿಳಿಯುತ್ತಿತ್ತು. ಯಾರು, ಯಾರು ಎಂದು ಏಜೆಂಟರು ಕೇಳುತ್ತಿದ್ದಿರಬೇಕು. ಇವರು ತಮ್ಮ ಹೆಸರನ್ನೇ ನಾಲ್ಕು ಸಲ ಹೇಳಿದಂತಿತ್ತು. ನಾಲ್ಕು ವಾರ ನಾನು ಅಳೆದ ಫೋನುಗಳಲ್ಲೆಲ್ಲ ಇದಕ್ಕಿಂತ ನಿಧಾನದ್ದು, ದುಬಾರಿಯದು ಇರಲಿಲ್ಲ.

ಕಡೆಗೆ ಒಂದು ಚಪ್ಪಲಿ ಕಾಲು ಹೊರಗೆ ಬಂದು ಬಾಗಿಲನ್ನು ನೂಕಿತು. ಟವೆಲ್ ಹೆಗಲಿಗೆ ಹೋಯಿತು.

"ಶರಣ್ರೀ," ಎಂದು ಅವರು ಕೂಗಿದರು. ರಸ್ತೆಯಾಚೆ ಚಹಾ ಹೋಟೆಲಿನಲ್ಲಿ ಕೂತವರು ಇತ್ತ ತಿರುಗಿದರು. ಊಟ, ಮಳೆ, ಏಜೆಂಟರ ಮಗನ ಪರೀಕ್ಷೆ. ಆಮೇಲೆ ಧಾರಣಿ. ತಪ್ಪಾಗಬಾರದೆಂದು ಎರಡು ಸಲ.

ಅವರು ಹೊರಬಂದಾಗ ಅಕ್ಕ ಸೀಮೆಸುಣ್ಣ ಹಿಡಿದು ಪಾಟಿಯ ಮುಂದೆ ನಿಂತಿದ್ದಳು. ಅಂಕಿ ಬರೆದಾಗಿತ್ತು. ಕೆಳಗೆ ಒಂದು ಸಾಲಿನ ಜಾಗ ಬಿಟ್ಟಿದ್ದಳು.

"ಲಾರಿ ಬಾಡಿಗಿ, ಹಮಾಲಿನೂ ಬರೀಲೇನ್ರಿ ಸಾವುಕಾರ್ರ?"

ಅಧ್ಯಕ್ಷರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನನ್ನ ಕಡೆ ನೋಡಲಿಲ್ಲ.

"ಬರಿ," ಎಂದರು. "ದೊಡ್ಡದಾಗಿ ಬರಿ. ಬಸ್ಸಿನಾಗಿನವ್ರಿಗೆ ಕಾಣಬೇಕು."